ಹುಲ್ಲು ಕೊಯ್ಯುವ ಪಾಠಕ್ಕೂ ನ್ಯಾಯಾಲಯಕ್ಕೂ ಏನು ನಂಟು?

2025ರ ಆಗಸ್ಟ್ 5ರಂದು ಕೆನಡಾದ ನೋವಾ ಸ್ಕೋಷಿಯಾ ಪ್ರಾಂತ್ಯ ತನ್ನ ಕಾಡುಗಳಿಗೆ ಬೀಗ ಜಡಿಯಿತು. ಮಳೆ ಕೈಕೊಟ್ಟಿತ್ತು, ಕಾಳ್ಗಿಚ್ಚಿನ ಭಯವಿತ್ತು. ಚಾರಣ, ಮೀನು ಹಿಡಿಯುವುದು, ಬಿಡಾರ ಹೂಡುವುದು ಎಲ್ಲವೂ ನಿಷಿದ್ಧ. ಮೀರಿದವರಿಗೆ 25,000 ಡಾಲರ್ ದಂಡ. ಎರಡು ತಿಂಗಳು ಕಳೆಯುವಷ್ಟರಲ್ಲಿ ಅದೇ ಸರ್ಕಾರ ಇನ್ನೊಂದು ಕಾನೂನು ತಂದಿತು. ಸರ್ಕಾರಿ ಜಮೀನಿನ ಅರಣ್ಯ ರಸ್ತೆಗೆ ಅಡ್ಡಗಟ್ಟಿದವರಿಗೆ 50,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಸಜೆ. ಕೇಪ್ ಬ್ರೆಟನ್ ದ್ವೀಪದ ಹಂಟರ್ಸ್ ಮೌಂಟನ್‌ನಲ್ಲಿ, ಅಲ್ಲಿನ ಮೂಲನಿವಾಸಿಗಳಾದ ಮಿಕ್‌ಮಾಕ್ ಜನರು ಮರ ಕಡಿಯುವುದನ್ನು ತಡೆದು ಕುಳಿತಿದ್ದ ಹೊತ್ತು ಅದು.

ಗೊಂದಲವಾಗುವುದು ಮುಂದಿನದರಿಂದ. ಇದೇ ಪ್ರಾಂತ್ಯ 2015ರಲ್ಲಿ ಬ್ರಿಟಿಷರೊಡನೆ ಆದ ಹಳೆಯ ಒಪ್ಪಂದಗಳ ಇತಿಹಾಸವನ್ನು ಶಾಲೆಗಳಲ್ಲಿ ಕಲಿಸಲು ಮಿಕ್‌ಮಾಕ್ ನಾಯಕರೊಡನೆ ಸಹಿ ಹಾಕಿತ್ತು. 2022ರಲ್ಲಿ ಅವರ ನುಡಿಯನ್ನು ಪ್ರಾಂತ್ಯದ ಮೊದಲ ಭಾಷೆಯೆಂದು ಕಾನೂನಿನಲ್ಲೇ ಬರೆಯಿತು. ಭಾಷೆಗೆ ಮಣೆ ಹಾಕುವವರು ಕಾಡಿನ ದಾರಿಯನ್ನು ಬಿಗಿ ಮಾಡುವುದೇಕೆ? ಶಾಲೆಯಲ್ಲಿ ಪಾಠ ಸಿಕ್ಕ ಮೇಲೂ ಹಿರಿಯರಿಗೆ ಕಾಡು, ಜವುಗು, ಹುಲ್ಲು ಬೇಕಾಗುವುದೇಕೆ? ದೂರದಿಂದ ಓದುವವರಿಗೆ ಇದು ಮರಕ್ಕಾಗಿ ನಡೆದ ಜಗಳ. ಒಳಹೊಕ್ಕು ನೋಡಿದರೆ, ಜಗಳದ ಅರ್ಧ ಭಾಗ ಮಕ್ಕಳ ಕಲಿಕೆಯದು.

ಬಿಟ್ಟುಕೊಡದ ನೆಲ

ಮಿಕ್‌ಮಾಕ್ ಜನರ ತಾಯ್ನೆಲದ ಹೆಸರು ಮಿಕ್‌ಮಾಗಿ. ಇಂದಿನ ನೋವಾ ಸ್ಕೋಷಿಯಾ ಮತ್ತು ಪ್ರಿನ್ಸ್ ಎಡ್ವರ್ಡ್ ದ್ವೀಪ ಪೂರ್ತಿಯಾಗಿ, ನ್ಯೂ ಬ್ರನ್ಸ್‌ವಿಕ್‌ನ ದೊಡ್ಡ ಭಾಗ, ಕ್ವಿಬೆಕ್‌ನ ಗ್ಯಾಸ್ಪೆ ಪರ್ಯಾಯದ್ವೀಪ, ನ್ಯೂಫೌಂಡ್‌ಲ್ಯಾಂಡಿನ ಕೆಲವೆಡೆ ಅದು ಹರಡಿಕೊಂಡಿದೆ. 1725ರಿಂದ 1779ರವರೆಗೆ ಬ್ರಿಟಿಷರು ಇವರೊಡನೆ ಮಾಡಿಕೊಂಡದ್ದು ಶಾಂತಿ ಮತ್ತು ಸ್ನೇಹದ ಒಪ್ಪಂದಗಳನ್ನು. ಕೆನಡಾದ ಪಶ್ಚಿಮದ ಒಪ್ಪಂದಗಳಲ್ಲಿರುವ ‘ನೆಲವನ್ನು ಬಿಟ್ಟುಕೊಟ್ಟೆವು’ ಎಂಬ ಮಾತು ಇವುಗಳಲ್ಲಿ ಇಲ್ಲ. 1982ರ ಸಂವಿಧಾನದ 35ನೆಯ ವಿಧಿ ಮೂಲನಿವಾಸಿಗಳ ಹಕ್ಕುಗಳನ್ನೂ ಒಪ್ಪಂದದ ಹಕ್ಕುಗಳನ್ನೂ ಮಾನ್ಯ ಮಾಡಿದ ಮೇಲೆ ಆ ಹಳೆಯ ಕಾಗದಗಳಿಗೆ ಮತ್ತೆ ಜೀವ ಬಂತು.

ಆದರೆ ಕಾಗದದಲ್ಲಿ ಬಿಟ್ಟುಕೊಡದ ನೆಲ ಕೈಯಲ್ಲಿ ಉಳಿದಿಲ್ಲ. ನೋವಾ ಸ್ಕೋಷಿಯಾದಲ್ಲಿ ಸರ್ಕಾರದ ಬಳಿ ಇರುವುದು ಸುಮಾರು ಮೂರನೇ ಒಂದು ಪಾಲು ಮಾತ್ರ. ಮಿಕ್ಕದ್ದು ಹೆಚ್ಚುಕಡಿಮೆ ಖಾಸಗಿ. ಕರಾವಳಿಯಲ್ಲಂತೂ ಖಾಸಗಿ ಒಡೆತನ ಇನ್ನೂ ದಟ್ಟ. ಇದನ್ನು ನೆನಪಿನಲ್ಲಿಡಬೇಕು, ಏಕೆಂದರೆ ಮುಂದೆ ಹೇಳಲಿರುವ ಹುಲ್ಲು ಬೆಳೆಯುವುದು ಕರಾವಳಿಯಲ್ಲೇ.

ಜವುಗಿನ ಅಂಚಿನಲ್ಲಿ

ಸ್ವೀಟ್‌ಗ್ರಾಸ್ ಎಂಬ ಪರಿಮಳದ ಹುಲ್ಲು ಅಳಿವೆಯ ಉಪ್ಪುಜವುಗಿನ ಮೇಲಂಚಿನಲ್ಲಿ, ಉಬ್ಬರದ ನೀರು ಅಪರೂಪಕ್ಕೆ ಮುಟ್ಟುವ ಪಟ್ಟಿಯಲ್ಲಿ ಬೆಳೆಯುತ್ತದೆ. ಹೊಸಬರ ಕಣ್ಣಿಗೆ ಸುತ್ತಲಿನದೆಲ್ಲ ಒಂದೇ ಹುಲ್ಲು. ಗುರುತು ಸಿಗುವುದು ಹೀಗೆ: ಎಸಳಿನ ಒಂದು ಮಗ್ಗುಲು ಎಣ್ಣೆ ಸವರಿದಂತೆ ಮಿರುಗುತ್ತದೆ, ಬುಡ ಕೆಂಪು-ನೇರಳೆ, ಮೂಗಿಗೆ ಹಿಡಿದರೆ ವೆನಿಲಾದ ವಾಸನೆ. ಒಣಗಿದಷ್ಟೂ ವಾಸನೆ ಗಾಢವಾಗುತ್ತದೆ. ಗಾಳಿ ಬೀಸಿ ಹುಲ್ಲು ಬಾಗಿದಾಗ ಆ ಮಿರುಗು ಒಮ್ಮೆ ಫಳಕ್ಕೆಂದು ಕಾಣುತ್ತದೆ. ಹುಡುಕುವವರು ಕಾಯುವುದು ಆ ಗಳಿಗೆಗಾಗಿ. ಪುಸ್ತಕದ ಚಿತ್ರ ನೋಡಿ ಇದನ್ನು ಕಲಿಯಲಾಗದು, ಚಿತ್ರದಲ್ಲಿ ಗಾಳಿ ಇರುವುದಿಲ್ಲ.

ಪಾಠ ಸಾಮಾನ್ಯವಾಗಿ ಅಜ್ಜಿಯ ಹಿಂದೆ ನಡೆಯುವುದರಿಂದ ಶುರುವಾಗುತ್ತದೆ. ಅಜ್ಜಿಗೆ ಅವರು ಕಿಜು ಎನ್ನುತ್ತಾರೆ. ಮೊದಲು ಸಿಕ್ಕ ಗಿಡವನ್ನು ಕೀಳಬಾರದು, ಅದೊಂದೇ ಉಳಿದಿರಬಹುದು. ಸಾಕಷ್ಟಿದೆ ಎಂದು ಖಚಿತವಾದ ಮೇಲೆ ಚಿಟಿಕೆ ಹೊಗೆಸೊಪ್ಪನ್ನು ನೆಲಕ್ಕಿಟ್ಟು, ಏಕೆ ಬಂದಿದ್ದೇವೆ, ಯಾರಿಗಾಗಿ ಬೇಕು ಎಂದು ಗಿಡಕ್ಕೆ ಹೇಳಬೇಕು. ಆಮೇಲೆ ಎಸಳುಗಳನ್ನು ಬುಡದಿಂದ ತೆಗೆಯಬೇಕು, ನೆಲದಡಿ ಹರಿಯುವ ಬೇರುಕಾಂಡವನ್ನು ಕದಲಿಸಬಾರದು. ಒಂದೇ ಕಡೆ ಬೋಳಿಸದೆ ಅಲ್ಲಲ್ಲಿ ಆಯುತ್ತ ಹೋಗಬೇಕು. ಬೇಕಾದಷ್ಟಾದ ಮೇಲೆ ನಿಲ್ಲಿಸಬೇಕು. ಮಕ್ಕಳಿಗೆ ಕಷ್ಟವಾಗುವುದು ಈ ಕೊನೆಯದೇ ಇರಬೇಕು, ದೊಡ್ಡವರಿಗೂ ಅಷ್ಟೇ. ತಂದದ್ದನ್ನು ಮೂರು ಎಳೆಯಾಗಿ ಹೆಣೆದು ಒಣಗಿಸುತ್ತಾರೆ. ಒಂದಿಷ್ಟು, ನಡೆಯಲಾಗದ ಹಿರಿಯರ ಮನೆಗೆ ಹೋಗುತ್ತದೆ.

ಎಲ್ಲ ಮನೆಗಳಲ್ಲೂ ಇದೇ ಕ್ರಮ ಎಂದುಕೊಳ್ಳುವಂತಿಲ್ಲ. ಮುಖ್ಯಸ್ಥ ಮೆಂಬರ್ಟು 1610ರಲ್ಲಿ ದೀಕ್ಷಾಸ್ನಾನ ಪಡೆದಂದಿನಿಂದ ಮಿಕ್‌ಮಾಕ್ ಜನರಲ್ಲಿ ಕ್ಯಾಥೊಲಿಕ್ ನಂಬಿಕೆ ಆಳವಾಗಿ ಬೇರೂರಿದೆ. ಅಜ್ಜಿಯ ಬಾಯಲ್ಲಿ ಬರುವ ಪ್ರಾರ್ಥನೆ ಸಂತ ಅನ್ನಾಳ ಹೆಸರಿನದೂ ಆಗಿರಬಹುದು. ಹೊಗೆಸೊಪ್ಪಿನ ಚಿತ್ರ ಹಾಕಿ ‘ಪ್ರಾಚೀನ ವಿಧಿ’ ಎಂದು ಬರೆಯುವ ಪ್ರವಾಸಿ ಪುಟಗಳು ಈ ಕಲಬೆರಕೆಯನ್ನು ಕಾಣುವುದೇ ಇಲ್ಲ.

ನೆಡುಗುಲಿಮ್ಕ್ ಎಂದರೆ

ಈ ನಡವಳಿಕೆಗೆಲ್ಲ ಅವರ ನುಡಿಯಲ್ಲಿ ಒಂದು ಹೆಸರಿದೆ: ನೆಡುಗುಲಿಮ್ಕ್. ಸೃಷ್ಟಿ ಕೊಟ್ಟದ್ದರಲ್ಲಿ ತಾನೂ ತನ್ನ ಸಮುದಾಯವೂ ಬದುಕುವಷ್ಟು ಪಡೆಯುವುದು, ಆದರೆ ಕೊಟ್ಟ ನೆಲದ ಫಲವಂತಿಕೆಗೂ ವೈವಿಧ್ಯಕ್ಕೂ ಧಕ್ಕೆ ತಾರದಿರುವುದು ಎಂದು ಸ್ಥೂಲವಾಗಿ ಬಿಡಿಸಿ ಹೇಳಬಹುದು. ‘ಸುಸ್ಥಿರ ಬಳಕೆ’ ಎಂದು ಅನುವಾದಿಸಿದರೆ ಅರ್ಧ ಹೋಗುತ್ತದೆ. ಸುಸ್ಥಿರ ಬಳಕೆಯಲ್ಲಿ ಗಿಡ ಒಂದು ಸಂಪನ್ಮೂಲ. ಇಲ್ಲಿ ಅದು ನೆಂಟ. ‘ಮ್ಸಿತ್ ನೋಗ್ಮಾಕ್’, ನನ್ನ ಬಂಧುಗಳೆಲ್ಲರೂ, ಎಂದು ಪ್ರಾರ್ಥನೆಯ ಕೊನೆಗೆ ಹೇಳುವಾಗ ಆ ಲೆಕ್ಕದಲ್ಲಿ ಮರ, ಮೀನು, ಮನುಷ್ಯ ಎಲ್ಲರೂ ಬರುತ್ತಾರೆ.

ಭಾಷೆಯ ವ್ಯಾಕರಣವೂ ಈ ಮಾತಿಗೆ ಜೊತೆಗೊಡುತ್ತದೆ. ಕನ್ನಡದಲ್ಲಿ ಅವನು, ಅವಳು ಮನುಷ್ಯರಿಗೆ, ಮರಕ್ಕೆ ‘ಅದು’. ಮಿಕ್‌ಮಾಕ್ ನುಡಿಯಲ್ಲಿ ಹೆಣ್ಣು-ಗಂಡೆಂಬ ಭೇದವಿಲ್ಲ, ಜೀವವುಳ್ಳದ್ದು ಮತ್ತು ಇಲ್ಲದ್ದು ಎಂಬ ಎರಡು ಗುಂಪುಗಳಿವೆ. ಮರ ಇರುವುದು ಮನುಷ್ಯರ ಗುಂಪಿನಲ್ಲಿ. ಎಲ್ಲ ಗಿಡ-ಹಣ್ಣುಗಳೂ ಹಾಗಲ್ಲ, ಗುಂಪುಗಳ ಗೆರೆ ನಾವು ಊಹಿಸಿದಲ್ಲಿ ಹಾಯುವುದಿಲ್ಲ. ಆದರೂ ಮರದ ಬಗ್ಗೆ ಬಾಯಿ ತೆರೆದಾಗಲೆಲ್ಲ ಜೀವವುಳ್ಳದ್ದಕ್ಕೆ ಸಲ್ಲುವ ಕ್ರಿಯಾಪದವನ್ನೇ ಬಳಸಿ ಬೆಳೆದ ಮಗುವಿಗೆ ‘ಮರವನ್ನು ಗೌರವಿಸು’ ಎಂದು ಬೇರೆ ಹೇಳುವ ಕೆಲಸ ಕಡಿಮೆ. ತಿಂಗಳ ಹೆಸರುಗಳೂ ಪಂಚಾಂಗದಂತೆ ಕೆಲಸ ಮಾಡುತ್ತವೆ: ಜೂನ್ ಎಲೆ ಬಿಚ್ಚುವ ಚಂದ್ರ, ಆಗಸ್ಟ್ ಹಣ್ಣಾಗುವ ಚಂದ್ರ. ಯಾವಾಗ ಹೊರಡಬೇಕೆಂಬುದು ತಿಂಗಳ ಹೆಸರಿನಲ್ಲೇ ಇದೆ. 2025ರ ಕಾಡುನಿಷೇಧ ಬಿದ್ದದ್ದು ಸರಿಯಾಗಿ ಆ ಹಣ್ಣಿನ ಚಂದ್ರದಲ್ಲಿ, ಬ್ಲೂಬೆರಿ ಮಾಗುವ ಹೊತ್ತಿನಲ್ಲಿ. ಅಲ್ಲಿನ ಕಾನೂನಿನ ‘ಕಾಡು’ ಎಂಬ ಪದದೊಳಗೆ ಬಂಡೆಬಯಲು, ಕುರುಚಲು, ಒಣ ಜವುಗು ಎಲ್ಲವೂ ಅಡಕ.

ಕೊಂಡಿ ಕಳಚಿದ್ದು ಹೇಗೆ

ಅಜ್ಜಿಯ ಹಿಂದೆ ನಡೆಯುವುದೇ ಶಾಲೆಯಾಗಿದ್ದರೆ, ಅಜ್ಜಿಯಿಂದ ಮಗುವನ್ನು ಬೇರ್ಪಡಿಸಿದರೆ ಶಾಲೆ ಮುಚ್ಚಿದಂತೆ. ಆದದ್ದು ಅದೇ. 1930ರಿಂದ 1967ರವರೆಗೆ ಶುಬೆನಕಾಡಿ ಎಂಬಲ್ಲಿ ಸರ್ಕಾರದ ಹಣದಿಂದ ಚರ್ಚು ನಡೆಸಿದ ವಸತಿಶಾಲೆಗೆ ಮಿಕ್‌ಮಾಕ್ ಮಕ್ಕಳನ್ನು ಸೇರಿಸಲಾಯಿತು. ಅಲ್ಲಿ ತಾಯ್ನುಡಿ ಆಡಿದರೆ ಶಿಕ್ಷೆ. ಇದು ನಡೆಯುತ್ತಿರುವಾಗಲೇ, 1940ರ ದಶಕದಲ್ಲಿ, ಚದುರಿದ ಹಳ್ಳಿಗಳಲ್ಲಿದ್ದವರನ್ನು ಎಸ್ಕಸೋನಿ ಮತ್ತು ಶುಬೆನಕಾಡಿ ಎಂಬ ಎರಡೇ ನೆಲೆಗಳಿಗೆ ಒಟ್ಟುಗೂಡಿಸುವ ಯೋಜನೆ ಬಂತು. ಆಡಳಿತದ ಖರ್ಚು ಉಳಿಸುವುದು ಅದರ ಉದ್ದೇಶಗಳಲ್ಲೊಂದು.

ಎರಡು ಏಟುಗಳ ಪರಿಣಾಮ ಬೇರೆ ಬೇರೆ. ವಸತಿಶಾಲೆ ಹೆಸರುಗಳನ್ನು ಕಸಿದುಕೊಂಡಿತು. ಸ್ಥಳಾಂತರ ಜಾಗಗಳನ್ನು ಕಸಿದುಕೊಂಡಿತು. ಗಿಡದ ಜ್ಞಾನ ಎಂದರೆ ಯಾವ ಗಿಡ ಎಂಬುದಷ್ಟೇ ಅಲ್ಲ, ಯಾವ ಹೊಳೆಯ ಯಾವ ತಿರುವಿನಲ್ಲಿ ಎಂಬುದೂ ಹೌದು. ಅದನ್ನು ಹೊಸ ಊರಿಗೆ ಗಂಟು ಕಟ್ಟಿಕೊಂಡು ಹೋಗಲಾಗದು. ಇಂದು ಈ ನುಡಿಯನ್ನು ಆಡುವವರು ಹತ್ತು ಸಾವಿರಕ್ಕೂ ಕಡಿಮೆ. ಕಲಿಸಬೇಕಾದ ಅಜ್ಜಿಯರಲ್ಲಿ ಹಲವರು ತಾವೇ ಅರ್ಧ ಕಲಿತವರು, ಅದೂ ಅವರ ತಪ್ಪಿಲ್ಲದೆ.

ಕಲಿಸುವುದೂ ಹಕ್ಕೇ?

ಕಾನೂನಿನ ಮಟ್ಟಿಗೆ ಹೆಚ್ಚು ಸುದ್ದಿಯಾದ ತೀರ್ಪು 1999ರ ಸೆಪ್ಟೆಂಬರ್‌ನದು. ಮಿಕ್‌ಮಾಕ್ ಸಮುದಾಯದ ಡೊನಾಲ್ಡ್ ಮಾರ್ಷಲ್ ಜೂನಿಯರ್ 1993ರಲ್ಲಿ ಪರವಾನಗಿ ಇಲ್ಲದೆ 463 ಪೌಂಡ್ ಹಾವುಮೀನು ಹಿಡಿದು 787 ಡಾಲರ್‌ಗೆ ಮಾರಿ ಮೊಕದ್ದಮೆಗೆ ಸಿಕ್ಕಿದ್ದರು. 1760-61ರ ಒಪ್ಪಂದಗಳ ಪ್ರಕಾರ ಮೀನು ಹಿಡಿದು, ಬೇಟೆಯಾಡಿ, ಆಯ್ದು ತಂದು ಸಾಧಾರಣ ಜೀವನೋಪಾಯ ಕಂಡುಕೊಳ್ಳುವ ಹಕ್ಕು ಮಿಕ್‌ಮಾಕ್ ಜನರಿಗಿದೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಗದ್ದಲ ಎದ್ದಿತು. ಎರಡೇ ತಿಂಗಳಲ್ಲಿ ಕೋರ್ಟು ಸ್ಪಷ್ಟನೆ ಕೊಟ್ಟಿತು: ‘ಆಯುವುದು’ ಎಂದರೆ ಹಿಂದಿನಿಂದ ಆಯ್ದು ತರುತ್ತಿದ್ದ ಹಣ್ಣು-ಹಂಪಲಿನಂಥವು, ಮರದ ದಿಮ್ಮಿ ಅಥವಾ ಖನಿಜದ ಬಗ್ಗೆ ಈ ಪ್ರಕರಣದಲ್ಲಿ ಸಾಕ್ಷ್ಯವಿಲ್ಲ. ವ್ಯಾಪಾರಕ್ಕಾಗಿ ಮರ ಕಡಿಯುವ ಹಕ್ಕನ್ನು 2005ರಲ್ಲಿ ಅದು ಒಪ್ಪಲಿಲ್ಲ. ಮನೆಬಳಕೆಯ ಮರದ ಹಕ್ಕನ್ನು 2006ರಲ್ಲಿ ಒಪ್ಪಿತು. ಹಾಗಾಗಿ ಹುಲ್ಲು, ಹಣ್ಣು, ಬೇರು ಆಯುವುದು ಕಾನೂನಿನ ಕಣ್ಣಿನಲ್ಲಿ ಹೆಚ್ಚು ತಕರಾರಿಲ್ಲದ ಜಾಗದಲ್ಲಿದೆ.

ಮಕ್ಕಳ ವಿಚಾರಕ್ಕೆ ಇದಕ್ಕಿಂತ ನೇರವಾಗಿ ತಾಗುವ ತೀರ್ಪು ಇನ್ನೊಂದಿದೆ; ಅದು ಮಿಕ್‌ಮಾಕ್ ಜನರದ್ದಲ್ಲ, ಕ್ವಿಬೆಕ್‌ನ ಆಲ್ಗಾನ್‌ಕ್ವಿನ್ ಜನರದ್ದು. 1984ರ ಜುಲೈನಲ್ಲಿ ಕೆಲವು ಹಿರಿಯರು ಶಾಲಾಮಕ್ಕಳಿಗೆ ಬೇಟೆ, ಮೀನುಗಾರಿಕೆ ಕಲಿಸಲು ನಿಯಂತ್ರಿತ ಅರಣ್ಯವೊಂದಕ್ಕೆ ಹೋದರು. ವಾಹನದ ಪ್ರವೇಶಶುಲ್ಕ ಕಟ್ಟಲಿಲ್ಲ, ಪರವಾನಗಿ ಇಲ್ಲದೆ ಮೀನು ಹಿಡಿದು ತೋರಿಸಿದರು. ಪ್ರಕರಣ ಹನ್ನೆರಡು ವರ್ಷ ನಡೆಯಿತು. 1996ರಲ್ಲಿ ಸುಪ್ರೀಂ ಕೋರ್ಟ್, ಒಂದು ಮೂಲನಿವಾಸಿ ಹಕ್ಕಿದ್ದರೆ ಅದನ್ನು ಎಳೆಯರಿಗೆ ಕಲಿಸುವ ಹಕ್ಕೂ ಸಾಮಾನ್ಯವಾಗಿ ಅದರೊಳಗೇ ಇರುತ್ತದೆ ಎಂದಿತು. ಇಂಥ ರೂಢಿಗಳು ಬಾಯಿಮಾತಿನಿಂದಲೂ ಕಣ್ಣೆದುರು ಮಾಡಿ ತೋರಿಸುವುದರಿಂದಲೂ ದಾಟುವಂಥವು ಎಂಬುದು ಅದಕ್ಕೆ ಕೊಟ್ಟ ಕಾರಣ. ಮೀನು ಹಿಡಿದ ಶಿಕ್ಷೆ ರದ್ದಾಯಿತು. ವಾಹನದ ಶುಲ್ಕ ಕಟ್ಟದ ಶಿಕ್ಷೆ ಮಾತ್ರ ಉಳಿಯಿತು! ಶುಲ್ಕ ರಸ್ತೆಯ ನಿರ್ವಹಣೆಗೆ, ಅದು ಹಕ್ಕನ್ನು ಮೊಟಕು ಮಾಡುವುದಿಲ್ಲ ಎಂಬ ತರ್ಕ.

ತೀರ್ಪಿನ ಬಲವೂ ಮಿತಿಯೂ ಇಲ್ಲೇ ಇದೆ. ಕಲಿಸುವ ಹಕ್ಕು ಸ್ವತಂತ್ರವಾಗಿ ನಿಂತಿಲ್ಲ, ಆಯುವ ಹಕ್ಕಿಗೆ ಜೋತುಬಿದ್ದಿದೆ. ಆಯಲು ಗಿಡವೇ ಇಲ್ಲದಿದ್ದರೆ, ಗಿಡವಿರುವಲ್ಲಿಗೆ ಕಾಲಿಡಲಾಗದಿದ್ದರೆ, ಜೋತುಬೀಳಲು ಕೊಂಬೆಯಿಲ್ಲ.

ಯಾರ ವಾದ ಏನು

ಸರ್ಕಾರದ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 2023ರ ಮೇ ತಿಂಗಳಲ್ಲಿ ಹ್ಯಾಲಿಫ್ಯಾಕ್ಸ್ ಪಕ್ಕದ ಟ್ಯಾಂಟಲನ್‌ನಲ್ಲಿ ಬೆಂಕಿ ಬಿದ್ದು ಸುಮಾರು 150 ಮನೆಗಳು ಸುಟ್ಟಿದ್ದವು, 16 ಸಾವಿರಕ್ಕೂ ಹೆಚ್ಚು ಜನ ಮನೆ ತೊರೆದಿದ್ದರು. ಬೆಂಕಿಗೆ ಯಾರ ಒಪ್ಪಂದವೂ ಗೊತ್ತಿಲ್ಲ. ಕಾಡುರಸ್ತೆಯ ಕಾನೂನಿನ ಸಮರ್ಥನೆ ಬೇರೆ: ಪರವಾನಗಿ ಪಡೆದವರ ಕೆಲಸಕ್ಕೆ ಅಡ್ಡಿಯಾಗಬಾರದು, ಮರದ ಉದ್ಯಮದಲ್ಲಿ ಜನರ ಹೊಟ್ಟೆಪಾಡಿದೆ. ನನಗೆ ಮೊದಲನೆಯದು ತೂಕದ ವಾದವೆನಿಸುತ್ತದೆ, ಎರಡನೆಯದು ಅಷ್ಟಲ್ಲ. ಬೇಸಿಗೆಯ ನಿಷೇಧ ಮಳೆ ಬಂದರೆ ಎದ್ದುಹೋಗುತ್ತದೆ. ಕಡಿದ ಕಾಡು ಮಗುವಿನ ಬಾಲ್ಯ ಮುಗಿಯುವುದರೊಳಗೆ ಹಿಂದಿನಂತಾಗುವುದಿಲ್ಲ.

ಮಿಕ್‌ಮಾಕ್ ಜನರಲ್ಲಿಯೂ ಒಂದೇ ದನಿಯಿಲ್ಲ. ಚುನಾಯಿತ ಮುಖ್ಯಸ್ಥರು ಮಾತುಕತೆಯ ಮೇಜಿನಲ್ಲಿ ಕೂರುವವರು, ಸಾಂಪ್ರದಾಯಿಕ ಮಹಾಮಂಡಳಿ ‘ಸಾಂತೆ ಮಾವಿಯೋಮಿ’ಯ ದಾರಿ ಬೇರೆ, ರಸ್ತೆಯಲ್ಲಿ ಕುಳಿತವರ ತಾಳ್ಮೆ ಇನ್ನೂ ಕಡಿಮೆ.

ಇನ್ನು ಮೂರನೆಯವರು, ಮುಟ್ಟದೆ ಬಿಟ್ಟರೆ ಪ್ರಕೃತಿ ಉಳಿಯುತ್ತದೆ ಎನ್ನುವ ಸಂರಕ್ಷಣಾವಾದಿಗಳು. ಸ್ವೀಟ್‌ಗ್ರಾಸ್ ಅವರಿಗೆ ಒಗ್ಗದ ಉದಾಹರಣೆ. ನ್ಯೂಯಾರ್ಕ್ ರಾಜ್ಯದಲ್ಲಿ ಇದೇ ಹುಲ್ಲಿನ ಮೇಲೆ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿದ ಅಧ್ಯಯನದಲ್ಲಿ, ಸಾಂಪ್ರದಾಯಿಕ ರೀತಿಯಲ್ಲಿ ಕೊಯ್ದ ತಾಕುಗಳು ಸೊಂಪಾಗಿ ಬೆಳೆದವು, ಮುಟ್ಟದೆ ಬಿಟ್ಟವು ಸೊರಗಿದವು. ಹಳೆಯ ಒಣ ಎಸಳುಗಳ ದಟ್ಟಣೆ ತೆರವಾದಾಗ ಬೇರುಕಾಂಡದಿಂದ ಹೊಸ ಚಿಗುರು ಏಳುತ್ತದೆ. ‘ಬಳಸದಿದ್ದರೆ ಗಿಡ ಹೊರಟುಹೋಗುತ್ತದೆ’ ಎಂದು ಹಿರಿಯರು ಹೇಳುತ್ತಿದ್ದುದು ಬರೀ ನಂಬಿಕೆಯ ಮಾತಾಗಿರಲಿಲ್ಲ. ಆದರೆ ಈ ಫಲಿತಾಂಶ ಸಾಂಪ್ರದಾಯಿಕ ರೀತಿಯಲ್ಲಿ ಕೊಯ್ದದ್ದಕ್ಕೆ ಮಾತ್ರ ಅನ್ವಯ. ಜಡೆ ಹೆಣೆದ ಹುಲ್ಲು ಅಂತರ್ಜಾಲದಲ್ಲಿ ಮಾರಾಟವಾಗುವ ಈ ದಿನಗಳಲ್ಲಿ, ಮೂಟೆಗಟ್ಟಲೆ ಕಿತ್ತೊಯ್ಯುವವರಿಗೆ ಅದು ರಹದಾರಿಯಲ್ಲ.

ತರಗತಿಗೆ ತರುವುದೇ, ಬರೆದಿಡುವುದೇ

ಅಜ್ಜಿಯರು ಕಡಿಮೆಯಾದಾಗ ಹೊಣೆ ಶಾಲೆಯ ಮೇಲೆ ಬೀಳುತ್ತದೆ. 1997ರ ಒಪ್ಪಂದದಿಂದ ನೋವಾ ಸ್ಕೋಷಿಯಾದ ಹಲವು ಮಿಕ್‌ಮಾಕ್ ಸಮುದಾಯಗಳು ತಮ್ಮ ಶಾಲೆಗಳ ಆಡಳಿತವನ್ನು ತಾವೇ ಪಡೆದಿವೆ. ಎಸ್ಕಸೋನಿಯಲ್ಲಿ 2015ರಿಂದ ಪೂರ್ತಿ ಮಿಕ್‌ಮಾಕ್ ನುಡಿಯಲ್ಲೇ ಕಲಿಸುವ ಪ್ರತ್ಯೇಕ ಶಾಲೆಯಿದೆ. ಅದೇ ಊರಿನ ಹಿರಿಯ ದಂಪತಿ ಆಲ್ಬರ್ಟ್ ಮತ್ತು ಮುರ್ಡೀನಾ ಮಾರ್ಷಲ್ 2004ರಲ್ಲಿ ಮುಂದಿಟ್ಟ ‘ಎರಡು ಕಣ್ಣಿನ ನೋಟ’ ಎಂಬ ಮಾತು ಇಂದು ಕೆನಡಾದ ವಿಶ್ವವಿದ್ಯಾಲಯಗಳಲ್ಲೆಲ್ಲ ಓಡಾಡುತ್ತಿದೆ: ಒಂದು ಕಣ್ಣಿನಿಂದ ತಮ್ಮ ಜ್ಞಾನದ ಬಲ, ಇನ್ನೊಂದರಿಂದ ಪಾಶ್ಚಾತ್ಯ ವಿಜ್ಞಾನದ ಬಲ, ಎರಡನ್ನೂ ಒಟ್ಟಿಗೆ ತೆರೆದು ನೋಡುವುದು.

ಶಾಲೆಗೆ ತಂದರೆ ಅನುಕೂಲವಿದೆ, ಬೆಲೆಯೂ ಇದೆ. ವೇಳಾಪಟ್ಟಿ ಸೆಪ್ಟೆಂಬರ್‌ನಿಂದ ಜೂನ್‌ವರೆಗೆ. ಹುಲ್ಲು, ಹಣ್ಣು ಸಿಗುವುದು ರಜೆಯಲ್ಲಿ. ಇಪ್ಪತ್ತೈದು ಮಕ್ಕಳು ಒಟ್ಟಿಗೆ ಜವುಗಿಗೆ ಇಳಿದರೆ ‘ಅಲ್ಲಲ್ಲಿ ಆಯಬೇಕು’ ಎಂಬ ನಿಯಮ ಅರ್ಧ ಗಂಟೆಯೂ ಬದುಕದು. ಬಸ್ಸಿಗೆ ಅನುಮತಿ, ವಿಮೆ, ಪೋಷಕರ ಸಹಿ ಬೇಕು.

ಬರೆದಿಡುವ ವಿಚಾರ ಇನ್ನೂ ಸೂಕ್ಷ್ಮ. ಇಲ್ಲಿ ನಮ್ಮೂರಿಗೂ ಒಂದು ನಂಟಿದೆ. ಎಳೆಗೂಸಿನ ನಾಲಿಗೆಗೆ ತೇದು ಸವರುವ ಬಜೆ ಬೇರು ಕನ್ನಡದ ಬಾಣಂತಿ ಕೋಣೆಗಳಿಗೆಲ್ಲ ಪರಿಚಿತ. ಅದೇ ಕುಲದ ಗಿಡದ ಬೇರು ಮಿಕ್‌ಮಾಕ್ ಮನೆಗಳಲ್ಲಿ ನೆಗಡಿ, ಗಂಟಲುನೋವಿಗೆ ಮದ್ದು. ಜೌಗಿನಲ್ಲಿ ಬದುಕುವ ಮಸ್ಕ್‌ರ‍್ಯಾಟ್ ಎಂಬ ಇಲಿಜಾತಿಯ ಪ್ರಾಣಿಯ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. ಇಂಥ ಬೇರಿನ ಉಪಯೋಗ ಪುಸ್ತಕಕ್ಕೆ ಬಂದರೆ ಮಕ್ಕಳಿಗೂ ಸಿಗುತ್ತದೆ, ಔಷಧ ಕಂಪನಿಗೂ ಸಿಗುತ್ತದೆ. ಜೈವಿಕ ಸಂಪತ್ತಿನ ಲಾಭವನ್ನು ಅದರ ವಾರಸುದಾರರಿಗೆ ಹಂಚಬೇಕೆನ್ನುವ ನಗೋಯಾ ಒಡಂಬಡಿಕೆಗೆ ಭಾರತ ಸೇರಿದೆ, ಕೆನಡಾ ಸೇರಿಲ್ಲ. ಆದ್ದರಿಂದ ಮಹಾಮಂಡಳಿ ತಾನೇ ಒಂದು ಕಾವಲು ಸಮಿತಿ ಮಾಡಿಕೊಂಡಿದೆ; ಮಿಕ್‌ಮಾಕ್ ಜ್ಞಾನದ ಮೇಲೆ ಸಂಶೋಧನೆ ಮಾಡುವವರ ಪ್ರಸ್ತಾವ ಅದರ ಮುಂದೆ ಹೋಗಬೇಕು. ಮಕ್ಕಳ ಪಠ್ಯದಲ್ಲಿ ಗಿಡದ ಹೆಸರು, ಕೊಯ್ಯುವ ಮರ್ಯಾದೆ ಬರಲಿ, ಮದ್ದಿನ ಪಾಕ ಮತ್ತು ಜಾಗದ ನಕ್ಷೆ ಮನೆಯಲ್ಲೇ ಇರಲಿ ಎಂಬ ನಡುದಾರಿಯನ್ನು ಹಲವರು ಹಿಡಿಯುತ್ತಾರೆ.

ಬೇಲಿ, ಕಡಲು, ಹುಳ

ಮುಂದಿನ ಹತ್ತು-ಇಪ್ಪತ್ತು ವರ್ಷಗಳಲ್ಲಿ ಕಾನೂನಿಗಿಂತ ಮುಂಚೆ ಎದುರಾಗುವ ಅಡ್ಡಿಗಳು ಬೇರೆಯೇ ಇವೆ. ಕಡಲಮಟ್ಟ ಏರಿದಂತೆ ಉಪ್ಪುಜವುಗು ಒಳನಾಡಿನ ಕಡೆಗೆ ಸರಿಯಬೇಕು. ಹಿಂದೆ ರಸ್ತೆ, ಮನೆ, ಕಲ್ಲಿನ ತಡೆಗೋಡೆ ಇದ್ದರೆ ಸರಿಯಲು ಜಾಗವಿಲ್ಲ, ಮೊದಲು ಮುಳುಗುವುದು ಸ್ವೀಟ್‌ಗ್ರಾಸ್ ಇರುವ ಆ ಸಣ್ಣ ಮೇಲಂಚು. ಕರಾವಳಿಯ ಕಟ್ಟಡಗಳಿಗೆ ಅಂತರ ನಿಗದಿ ಮಾಡುವ ಕಾಯ್ದೆಯನ್ನು ಪ್ರಾಂತ್ಯ 2019ರಲ್ಲಿ ಅಂಗೀಕರಿಸಿತ್ತು. ಜಾರಿಗೆ ತರದೆಯೇ 2024ರಲ್ಲಿ ಕೈಬಿಟ್ಟಿತು.

ಮರದ ಕಥೆ ಇನ್ನೂ ಬಿಗಿ. ಬುಟ್ಟಿ ಹೆಣೆಯಲು ಬಳಸುವ ಬ್ಲ್ಯಾಕ್ ಆ್ಯಶ್ ಮರಕ್ಕೆ ಅವರು ವಿಸ್ಕೋಕ್ ಎನ್ನುತ್ತಾರೆ. ಒದ್ದೆ ನೆಲದಲ್ಲಿ ನಿಧಾನವಾಗಿ ಬೆಳೆಯುವ ಮರ. ಇದರ ವರ್ಷದುಂಗುರಗಳನ್ನು ಒಂದಕ್ಕೊಂದು ಬಿಗಿಯುವ ನಾರು ದುರ್ಬಲ. ದಿಮ್ಮಿಯ ಮೇಲೆ ಕೊಡಲಿಯ ಹಿಂಬದಿಯಿಂದ ಉದ್ದಕ್ಕೂ ಬಡಿಯುತ್ತ ಹೋದರೆ ಒಂದೊಂದು ವರ್ಷದ ಬೆಳವಣಿಗೆ ಒಂದೊಂದು ಪಟ್ಟಿಯಾಗಿ ಕಳಚಿ ಬರುತ್ತದೆ. ಎಷ್ಟು ಬಲವಾಗಿ ಬಡಿಯಬೇಕು ಎಂಬುದು ಸದ್ದಿನಿಂದಲೇ ತಿಳಿಯಬೇಕು. 2013ರಲ್ಲಿ ನೋವಾ ಸ್ಕೋಷಿಯಾ ಈ ಮರವನ್ನು ಅಪಾಯದಲ್ಲಿರುವ ಪಟ್ಟಿಗೆ ಸೇರಿಸಿತು. 2018ರಲ್ಲಿ ಹ್ಯಾಲಿಫ್ಯಾಕ್ಸ್ ಬಳಿಯ ಬೆಡ್‌ಫರ್ಡ್‌ನಲ್ಲಿ ಏಷ್ಯಾದಿಂದ ಬಂದ ಹಸಿರು ಕೊರಕ ಹುಳ ಕಾಣಿಸಿಕೊಂಡಿತು. ಕಾಫಿ ತೋಟದವರಿಗೆ ಕಾಂಡಕೊರಕದ ಉಪಟಳ ಗೊತ್ತು. ಇದು ತೊಗಟೆಯ ಕೆಳಗೆ ಸುರಂಗ ಕೊರೆದು, ದೊಡ್ಡ ಮರವನ್ನು ಕೆಲವೇ ವರ್ಷಗಳಲ್ಲಿ ಒಣಗಿಸುತ್ತದೆ. ಹುಳ ಎಲ್ಲೆಡೆ ಹರಡುವ ಮೊದಲೇ ಬೀಜ ಸಂಗ್ರಹಿಸಿಡಬೇಕು ಎಂಬುದು ಈಗಿನ ಧಾವಂತ.

ಆಯುವ ಪಾಠದ ಜೊತೆಗೆ ಮಕ್ಕಳಿಗೆ ಬಿತ್ತುವ ಪಾಠವೂ ಸೇರಿಕೊಳ್ಳುತ್ತಿರುವುದು ಹೀಗೆ. ಬ್ಲ್ಯಾಕ್ ಆ್ಯಶ್ ಬೀಜ ಬಿತ್ತಿದ ವರ್ಷ ಮೊಳೆಯುವುದಿಲ್ಲ; ಸಾಮಾನ್ಯವಾಗಿ ಎರಡು ಚಳಿಗಾಲ ನೆಲದಲ್ಲಿ ಮಲಗಿ ಎದ್ದ ಮೇಲೆ ಮೊಳಕೆ. ಆಮೇಲೆ ಬುಟ್ಟಿಗೆ ಆಗುವಷ್ಟು ದಪ್ಪವಾಗಲು ದಶಕಗಳು. ಎಂಟು ವರ್ಷದ ಹುಡುಗಿಯೊಬ್ಬಳು ಈ ಶರತ್ಕಾಲದಲ್ಲಿ ಬೀಜ ಊರಿದರೆ, ಆ ದಿಮ್ಮಿಯನ್ನು ಬಡಿಯುವ ಹೊತ್ತಿಗೆ ಅವಳೇ ಯಾರಿಗೋ ಕಿಜು ಆಗಿರುತ್ತಾಳೆ.